‘ಎಲ್ಲಾ ಹೇಳಿಬಿಟ್ಟರೆ ಜನ ನಿನ್ನ ಮನೆಗೆ ಯಾಕೆ ಬರ್ತಾರೆ?’

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಪುರಸಭೆಯ ಸದಸ್ಯೆ. ಮಹಿಳಾ ಮೀಸಲು ವಾರ್ಡಿನಿಂದ ಮೊದಲ ಸಲ ಗೆದ್ದವಳು. ವಾರ್ಡಿನಲ್ಲಿ ಸುಮಾರು 430 ಮನೆಗಳಿವೆ. ಜನರಿಗೆ ವಿಷಯ ತಿಳಿಸೋಣ ಅಂತ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆ. 210 ಜನ ಇದ್ದಾರೆ. ಮೊದಮೊದಲು ಚೆನ್ನಾಗಿತ್ತು. ಈಗ ಒಳಚರಂಡಿಗೆ ಅಂತ ಎರಡು ಓಣಿ ಅಗೆದು ಮೂರು ತಿಂಗಳಾಯಿತು, ಮುಚ್ಚಿಲ್ಲ. ಐದು ದಿನಕ್ಕೊಮ್ಮೆ ಬರುತ್ತಿದ್ದ ನೀರು ಎಂಟು ದಿನಕ್ಕೆ ಹೋಗಿದೆ. ಗ್ರೂಪಿನಲ್ಲಿ ಬರೀ ಬೈಗುಳ. ‘ಮೆಂಬರ್‌ಗೆ ಕಮಿಷನ್ ಮುಟ್ಟಿದೆ’ ಅಂತ ಒಬ್ಬರು ಹಾಕಿದರು. ಸಭೆಯಲ್ಲಿ ಏನಾಯಿತು ಅಂತ ನಾನು ಹಾಕಿದರೆ ಕಚೇರಿಯಿಂದ ಫೋನ್ ಬಂತು. ‘ಮೀಟಿಂಗ್ ವಿಷಯ ಹೊರಗೆ ಹಾಕಬಾರದು, ಕೇಸ್ ಆಗುತ್ತೆ’ ಅಂದರು. ಗ್ರೂಪಿನಲ್ಲಿ ಯಾರು ಏನು ಹಾಕಿದರೂ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆ ಅಂತಲೂ ಹೆದರಿಸುತ್ತಾರೆ. ‘ಗ್ರೂಪ್ ಮುಚ್ಚು, ಹೇಳಿದಷ್ಟೂ ತಲೆನೋವು’ ಅನ್ನುತ್ತಾರೆ ನಮ್ಮ ಯಜಮಾನರು. ಫೋನ್ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ. ಹಿರಿಯ ಸದಸ್ಯರೊಬ್ಬರು ‘ಎಲ್ಲಾ ಹೇಳಿಬಿಟ್ಟರೆ ಜನ ನಿನ್ನ ಮನೆಗೆ ಯಾಕೆ ಬರ್ತಾರೆ?’ ಅಂದರು. ಏನು ಹೇಳಬಹುದು, ಏನು ಹೇಳಬಾರದು?

ಉತ್ತರ: ಮೇಡಂ, ನಾನು ಮೂವತ್ತು ವರ್ಷ ಪುರಸಭೆಗಳಲ್ಲಿ ಕೆಲಸ ಮಾಡಿದವನು. ಕೊನೆಯ ಹದಿಮೂರು ವರ್ಷ ಮುಖ್ಯಾಧಿಕಾರಿಯಾಗಿದ್ದೆ. ನಿಮಗೆ ಬಂದಂಥ ಫೋನನ್ನು ನಾನೂ ಒಂದಿಬ್ಬರು ಸದಸ್ಯರಿಗೆ ಮಾಡಿದ್ದುಂಟು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಾಮಾನ್ಯ ಸಭೆ ಗುಟ್ಟಿನ ಸಭೆ ಅಲ್ಲ. ಪತ್ರಕರ್ತರು ಅಲ್ಲೇ ಕೂತಿರುತ್ತಾರೆ. ಯಾರು ಯಾರ ಮೇಲೆ ಕೂಗಾಡಿದರು ಅನ್ನುವುದು ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ಪೇಪರಿನಲ್ಲಿ ಬರುವ ವಿಷಯವನ್ನೇ ನಿಮ್ಮ ಮತದಾರರಿಗೆ ನೀವು ಹೇಳಿದರೆ ಕೇಸ್ ಹೇಗಾದೀತು? 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಜೆಟ್ ಎಷ್ಟು, ಯಾವ ಯೋಜನೆಗೆ ಎಷ್ಟು ಖರ್ಚಾಯಿತು, ಸೌಲಭ್ಯ ಯಾರಿಗೆ ಸಿಕ್ಕಿತು, ಇದನ್ನೆಲ್ಲ ಯಾರೂ ಕೇಳುವ ಮೊದಲೇ ಕಚೇರಿಯೇ ಪ್ರಕಟಿಸಬೇಕು ಅನ್ನುತ್ತದೆ. ಅಂದರೆ ನಿಮ್ಮನ್ನು ತಡೆಯುವುದಿರಲಿ, ನೀವು ಮಾಡುತ್ತಿರುವುದರಲ್ಲಿ ಅರ್ಧ ಕಚೇರಿಯದೇ ಕೆಲಸ.

ಮತ್ತೆ ಫೋನ್ ಯಾಕೆ ಬಂತು? ನಮ್ಮ ಕಡೆಯ ಭಯ ಬೇರೆಯದು. ಸಭೆಯಲ್ಲಿ ಚರ್ಚೆಯಾದದ್ದಕ್ಕೂ ತೀರ್ಮಾನವಾದದ್ದಕ್ಕೂ ಎಷ್ಟೋ ಸಲ ಸದಸ್ಯರು ವ್ಯತ್ಯಾಸ ಮಾಡುವುದಿಲ್ಲ. ನಡಾವಳಿ (ಸಭೆಯ ದಾಖಲೆ) ಬರೆದು, ಸಹಿ ಬಿದ್ದ ಮೇಲಷ್ಟೇ ವಿಷಯ ಪಕ್ಕಾ. ಒಂದು ಊರಿನಲ್ಲಿ ನಾನಿದ್ದಾಗ ಸದಸ್ಯರೊಬ್ಬರು ಸಭೆ ಮುಗಿದ ಸಂಜೆಯೇ ‘ನಮ್ಮ ಓಣಿಗೆ ಸಿಸಿ ರಸ್ತೆ ಮಂಜೂರು’ ಅಂತ ಫ್ಲೆಕ್ಸ್ ಹಾಕಿಸಿದರು. ಆಗಿದ್ದು ಇಷ್ಟೇ: ಮಾಡಬೇಕೆಂದಿರುವ ಕೆಲಸಗಳ ಪಟ್ಟಿಯಲ್ಲಿ, ಅಂದರೆ ಕ್ರಿಯಾ ಯೋಜನೆಯಲ್ಲಿ, ಆ ರಸ್ತೆಯ ಹೆಸರು ಸೇರಿತ್ತು. ಮಳೆಗಾಲ ಬಂತು, ಹೋಯಿತು. ಫ್ಲೆಕ್ಸ್ ಬಣ್ಣ ಮಾಸಿತು. ರಸ್ತೆ ಬರಲಿಲ್ಲ. ಆ ಓಣಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದುಕೊಂಡು ನನ್ನ ಚೇಂಬರಿಗೆ ಬಂದರು. ಅವರು ಕೇಳಿದ್ದು ನೀರಲ್ಲ, ರಸ್ತೆ. ಸಿಟ್ಟಿಗೆ ಕೈಗೆ ಸಿಕ್ಕಿದ್ದು ಕೊಡ, ಅಷ್ಟೇ.

‘ಮಂಜೂರು’ ಅನ್ನುವ ಆ ಒಂದು ಪದವನ್ನು ನೀವು ಬಳಸಲೇಬೇಡಿ ಅಂತ ನನ್ನ ಸಲಹೆ. ಅದರ ಬದಲು ಕೆಲಸ ಯಾವ ಹಂತದಲ್ಲಿದೆ ಅಂತ ಹೇಳಿ. ಮೊದಲು ಕ್ರಿಯಾ ಯೋಜನೆ. ಅದಕ್ಕೆ ಮೇಲಿನವರ ಒಪ್ಪಿಗೆ. ಆಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಗುತ್ತಿಗೆದಾರರಿಗೆ ಕೆಲಸ ಶುರು ಮಾಡಿ ಅನ್ನುವ ಕಾರ್ಯಾದೇಶ. ಆಮೇಲೆ ಕೆಲಸ. ಕೊನೆಗೆ ಜೆಇ (ಕಿರಿಯ ಎಂಜಿನಿಯರ್) ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಆಗುವುದು. ಜನರಿಗೆ ಇದು ಅರ್ಥವಾಗುವುದಿಲ್ಲ ಅನ್ನುವುದು ತಪ್ಪು. ಮನೆ ಕಟ್ಟಲು ಬ್ಯಾಂಕ್ ಸಾಲಕ್ಕೆ ಓಡಾಡಿದ ಯಾರಿಗೇ ಆದರೂ ಹಂತ ಅಂದರೆ ಏನು ಅಂತ ಗೊತ್ತು. ‘ನಮ್ಮ ರಸ್ತೆ ಟೆಂಡರ್ ಹಂತದಲ್ಲಿದೆ, ಇನ್ನೂ ಕಾರ್ಯಾದೇಶ ಆಗಿಲ್ಲ’ ಅಂದರೆ ಬೈಯುವವರೂ ಬೈಯಲು ಸರಿಯಾದ ಜಾಗ ಹುಡುಕಿಕೊಳ್ಳುತ್ತಾರೆ.

ದುಡ್ಡಿನ ವಿಷಯದಲ್ಲೂ ಹಾಗೆಯೇ. ‘ಪುರಸಭೆಗೆ ಕೋಟಿ ಬಂದಿದೆ, ನಮ್ಮ ರಸ್ತೆಗೆ ಯಾಕಿಲ್ಲ?’ ಅಂತ ಕೇಳುವವರಿಗೆ ಎಲ್ಲ ದುಡ್ಡೂ ಒಂದೇ ಜೇಬಿನದಲ್ಲ ಅಂತ ಯಾರೂ ಹೇಳಿರುವುದಿಲ್ಲ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ನಿಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಅದರಿಂದ ರಸ್ತೆ ಮಾಡಲು ಬರುವುದಿಲ್ಲ. ಹಾಗೇ ಪುರಸಭೆ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡುತ್ತಾರೆ. ನನ್ನ ಅನುಭವದಲ್ಲಿ ಜನರಿಗೆ ಅತಿ ಕಡಿಮೆ ತಿಳಿಯುವುದು ಇದೇ. ಓದುವ ಮಕ್ಕಳಿಗೆ ಸಹಾಯಧನ, ಲ್ಯಾಪ್‌ಟಾಪ್, ಅಂಗವಿಕಲರಿಗೆ ವಾಹನ, ಇಂಥವಕ್ಕೆ ಅರ್ಜಿ ಕರೆಯುತ್ತೇವೆ. ಪ್ರಕಟಣೆಯನ್ನು ಒಂದು ಸಣ್ಣ ಪೇಪರಿನ ಮೂಲೆಯಲ್ಲಿ ಕೊಟ್ಟು, ಕಚೇರಿ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಸುಮ್ಮನಾಗುತ್ತೇವೆ. ಕೊನೆಯ ದಿನ ಮುಗಿದ ಮೇಲೆ ನಿಜವಾಗಿ ಬೇಕಿದ್ದವರು ಬಂದು ನಿಲ್ಲುತ್ತಾರೆ. ನೀವು ವರ್ಷದಲ್ಲಿ ಬೇರೆ ಏನೂ ಹೇಳದೆ ಈ ಅರ್ಜಿಯ ಕೊನೆಯ ದಿನ ಒಂದನ್ನು ಮನೆಮನೆಗೆ ಮುಟ್ಟಿಸಿದರೂ ಸಾಕು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಅನ್ನುವುದನ್ನೂ ಮಾರ್ಚ್ ಕೊನೆಯಲ್ಲೇ ನೆನಪಿಸಿ. ಜೇಬಿಗೆ ಉಳಿತಾಯ ಆಗುವ ಸುದ್ದಿ ಕೊಟ್ಟವರ ಮಾತನ್ನು ಜನ ಮುಂದಿನ ಸಲವೂ ಕೇಳುತ್ತಾರೆ.

ಇನ್ನು ಹೇಳಬಾರದ್ದು. ಪಟ್ಟಿ ಚಿಕ್ಕದು, ಆದರೆ ಗಟ್ಟಿ. ಕೋರ್ಟಿನಲ್ಲಿರುವ ವಿಷಯದ ಮೇಲೆ ನಿಮ್ಮ ತೀರ್ಪು ಬೇಡ. ಟೆಂಡರ್ ತೆರೆಯುವ ಮುಂಚೆ ಯಾರು ಎಷ್ಟಕ್ಕೆ ಹಾಕಿದ್ದಾರೆ ಎಂಬ ಮಾತು ಬೇಡವೇ ಬೇಡ. ದೂರು ಕೊಟ್ಟವರ ಹೆಸರು ಬೇಡ. ಮತ್ತೆ, ಫಲಾನುಭವಿಗಳ ಪಟ್ಟಿಯ ಫೋಟೊ ಹೊಡೆದು ಹಾಗೇ ಗ್ರೂಪಿಗೆ ಎಸೆಯಬೇಡಿ. ಅದರಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ ಇರುತ್ತದೆ. ಆಧಾರ್ ನಂಬರನ್ನು ಬಹಿರಂಗವಾಗಿ ಪ್ರಕಟಿಸಬಾರದು ಅಂತ 2016ರ ಆಧಾರ್ ಕಾಯ್ದೆಯಲ್ಲೇ ಇದೆ. ಇದೊಂದರಲ್ಲಿ ‘ಕೇಸ್ ಆಗುತ್ತೆ’ ಅನ್ನುವ ಮಾತಿಗೆ ಅರ್ಥವಿದೆ. ಅನುಮೋದನೆ ಇಲ್ಲದ ಬಡಾವಣೆಯ ಆಸ್ತಿಗೆ ಕೊಡುವ ಬಿ ಖಾತಾದ ಬಗ್ಗೆಯೂ ಜೋಪಾನ. ಬಿ ಖಾತಾ ಸಿಕ್ಕಿತು ಅಂದರೆ ಮನೆ ಸಕ್ರಮ ಆಯಿತು ಅಂತ ಊರೆಲ್ಲ ಮಾತಾಡುತ್ತದೆ. ಹಾಗಲ್ಲ. ಅದು ತೆರಿಗೆ ಲೆಕ್ಕಕ್ಕೆ ಸೇರಿಸಿಕೊಂಡದ್ದು, ಬಡಾವಣೆಗೆ ಅನುಮೋದನೆ ಕೊಟ್ಟದ್ದಲ್ಲ. ನೀವು ಖುಷಿಯಲ್ಲಿ ‘ಸಕ್ರಮ’ ಅಂತ ಬರೆದಿರೋ, ಅದರ ಸ್ಕ್ರೀನ್‌ಶಾಟ್ ಐದು ವರ್ಷ ಬದುಕಿರುತ್ತದೆ.

ಅಡ್ಮಿನ್ ಜೈಲಿಗೆ ಹೋಗುವ ಕಥೆಗೆ ಬರೋಣ. ಗ್ರೂಪಿನ ಬೇರೆ ಸದಸ್ಯ ಹಾಕಿದ ಮೆಸೇಜಿಗೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದೆ. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಹಾಗೇ ಹೇಳಿದೆ. ನೀವೇ ಸೇರಿಕೊಂಡು ಮಾಡಿದರೆ ಮಾತು ಬೇರೆ. ನೀವು ಫಾರ್ವರ್ಡ್ ಮಾಡಿದ್ದು ನಿಮ್ಮದೇ. ಎರಡು ಕೋಮಿನ ನಡುವೆ ಬೆಂಕಿ ಹಚ್ಚುವಂಥದ್ದು ಯಾರಾದರೂ ಹಾಕಿದರೆ ಆ ಕ್ಷಣ ಅಳಿಸಿ, ಅವರನ್ನು ತೆಗೆಯಿರಿ. ಕಾನೂನು ಏನೇ ಹೇಳಲಿ, ಊರು ಉಳಿಯಬೇಕಲ್ವಾ?

ಗ್ರೂಪ್ ಮುಚ್ಚಬೇಕಾಗಿಲ್ಲ. ರೂಪ ಬದಲಿಸಿ. ಈಗ ಅದು ಸಂತೆ. ಹತ್ತು ಜನ ಕೂಗುತ್ತಾರೆ, ಇನ್ನೂರು ಜನ ಮ್ಯೂಟ್ ಮಾಡಿಕೊಂಡು ಕೂತಿದ್ದಾರೆ. ನಿಮ್ಮ ನೀರಿನ ಸುದ್ದಿ ಆ ಗದ್ದಲದಲ್ಲಿ ಮೇಲೆ ಸರಿದು ಕಾಣದಾಗುತ್ತದೆ. ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ. ಇದರಲ್ಲಿ ಒಂದು ಅಪಾಯ ಇದೆ, ಮೊದಲೇ ಹೇಳಿಬಿಡುತ್ತೇನೆ: ‘ಬಾಯಿ ಮುಚ್ಚಿಸಿದಳು’ ಅಂತಾರೆ. ಅದಕ್ಕೇ ಅದೇ ದಿನ ಇನ್ನೊಂದು ಬಾಗಿಲು ತೆರೆಯಿರಿ. ‘ದೂರು ಇದ್ದರೆ ಈ ನಂಬರಿಗೆ ನೇರ ಬರೆಯಿರಿ, ಪ್ರತಿ ಶನಿವಾರ ಎಷ್ಟು ಬಂತು, ಏನಾಯಿತು ಅಂತ ಗ್ರೂಪಿನಲ್ಲಿ ಹಾಕುತ್ತೇನೆ’ ಅಂತ ತಿಳಿಸಿ. ಹೇಳಿದಂತೆ ಹಾಕಿ. ಎರಡು ಶನಿವಾರ ತಪ್ಪಿಸಿದರೆ ಬಾಯಿ ಮುಚ್ಚಿಸಿದ್ದು ನಿಜವಾಗುತ್ತದೆ.

ಬ್ರಾಡ್‌ಕಾಸ್ಟ್ ಮಾಡಿ, ಅಂದರೆ ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆಬೇರೆಯಾಗಿ ಕಳಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಅದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನೀವು ಎಲ್ಲರಿಗೂ ಹೋಯಿತು ಅಂದುಕೊಂಡಿರುತ್ತೀರಿ, ಅರ್ಧ ಜನಕ್ಕೆ ಹೋಗಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲೇ ಕಮ್ಯುನಿಟಿ ಅಂತ ಒಂದಿದೆ. ಅದರ ಪ್ರಕಟಣೆ ಭಾಗದಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ನಿಮ್ಮ ಗ್ರೂಪಿನ 210 ಜನರಲ್ಲಿ ಹೆಂಗಸರು ಎಷ್ಟಿದ್ದಾರೆ ಎಣಿಸಿ ನೋಡಿ. ಕಡಿಮೆ ಇದ್ದರೆ ಈ ನಂಬರಿನ ಕಾರಣವೂ ಇರಬಹುದು. ಅಪರಿಚಿತರು ರಾತ್ರಿ ‘ಹಾಯ್’ ಅಂತ ಕಳಿಸುವ ಕಾಟ ಯಾರಿಗೆ ಬೇಕು?

ಎಣಿಸುವಾಗ ಇನ್ನೊಂದನ್ನೂ ನೋಡಿ. 430 ಮನೆಯಲ್ಲಿ 210 ಜನ ಅಂದರೆ 210 ಮನೆ ಅಲ್ಲ. ಒಂದೇ ಮನೆಯ ಅಪ್ಪ, ಮಗ ಇಬ್ಬರೂ ಇರುತ್ತಾರೆ. ಕೂಲಿಗೆ ಹೋಗುವವರ ಓಣಿಯಿಂದ ಎಷ್ಟು ಜನ? ನೀರಿಗೆ ಅತಿ ಹೆಚ್ಚು ಪರದಾಡುವವರು ಅವರೇ, ಯಾಕೆಂದರೆ ಅವರ ಮನೆಯಲ್ಲಿ ಸಂಪ್ ಇಲ್ಲ. ಅವರನ್ನು ತಲುಪಲು ಫೋನ್ ಬೇಡ. ನಿಮ್ಮ ಪುರಸಭೆಯ ಕಸದ ಗಾಡಿ ಪ್ರತಿ ಬೆಳಿಗ್ಗೆ ಹಾಡು ಹಾಕಿಕೊಂಡು ಓಣಿ ಓಣಿ ತಿರುಗುತ್ತದೆ. ಅದಕ್ಕೆ ಮೈಕ್ ಇದೆ. ಹಿಂದೆ ಡಂಗುರ ಸಾರುತ್ತಿದ್ದರು, ಈಗ ಇದು. ಒಂದು ಊರಿನಲ್ಲಿ ನಾವು ನೀರಿನ ಸುದ್ದಿಯನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ ಅದೇ ಗಾಡಿಯಲ್ಲಿ ಹಾಕಿಸಿದೆವು. ಒಂದು ರೂಪಾಯಿ ಖರ್ಚಾಗಲಿಲ್ಲ. ಹೆಲ್ತ್ ಇನ್ಸ್‌ಪೆಕ್ಟರನ್ನು ಕೇಳಿದರೆ ಆಗುವ ಕೆಲಸ. ರೇಷನ್ ಅಂಗಡಿಯ ಗೋಡೆಗೆ ಒಂದು ಕರಿಹಲಗೆ, ಅಂಗನವಾಡಿ ಬಾಗಿಲಿಗೆ ಒಂದು ಹಾಳೆ. ಗುಡಿಯವರನ್ನೂ ಮಸೀದಿಯವರನ್ನೂ ಕೇಳಿ. ನೀರಿನ ವಿಷಯಕ್ಕೆ ಮೈಕ್ ಕೊಡುವುದಿಲ್ಲ ಅಂದವರನ್ನು ನಾನಂತೂ ನೋಡಿಲ್ಲ.

ಈಗ ಅಗೆದ ಓಣಿ ಮತ್ತು ಕಮಿಷನ್ ಮಾತು. ಒಳಚರಂಡಿ ಕೆಲಸವನ್ನು ಹೆಚ್ಚಿನ ಊರುಗಳಲ್ಲಿ ಮಾಡಿಸುವುದು ಪುರಸಭೆ ಅಲ್ಲ, ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಟೆಂಡರ್ ಅವರದು, ಬಿಲ್ ಅವರದು. ಕೆಲಸ ಮುಗಿದ ಮೇಲೆ ಪುರಸಭೆಗೆ ಹಸ್ತಾಂತರ. ಓಣಿ ಅಗೆಯುವ ದಿನ ಮೆಂಬರಿಗೆ ಒಂದು ಮಾತು ಹೇಳುವ ಪದ್ಧತಿಯೂ ಇರುವುದಿಲ್ಲ. ಆದರೆ ಜನರ ಕಣ್ಣಿಗೆ ಕಾಣುವುದು ನೀವೊಬ್ಬರೇ. ನಿಮ್ಮ ಊರಿನಲ್ಲೂ ಮಂಡಳಿಯದೇ ಕೆಲಸವೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ಅಲ್ಲಿನ ಎಂಜಿನಿಯರಿಗೆ ಪುರಸಭೆಯ ಮೂಲಕ ಒಂದು ಪತ್ರ ಬರೆಯಿಸಿ. ಕೇಳುವುದು ನಾಲ್ಕೇ: ಗುತ್ತಿಗೆದಾರರು ಯಾರು, ಕಾರ್ಯಾದೇಶ ಯಾವತ್ತಿನದು, ಎಂದಿಗೆ ಮುಗಿಯಬೇಕು, ಅಗೆದ ರಸ್ತೆ ಮೊದಲಿನಂತೆ ಮಾಡುವುದು ಆ ಕೆಲಸದಲ್ಲೇ ಸೇರಿದೆಯೇ. ಸದಸ್ಯರು ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಸದಸ್ಯರೇ ಅರ್ಜಿ ಹಾಕುವುದು ಅವಮಾನ ಅಂತ ಕೆಲವರು ತಿಳಿಯುತ್ತಾರೆ. ನನಗೆ ಹಾಗೆ ಹಾಕಿದ ಸದಸ್ಯರ ಮೇಲೆ ಒಳಗೊಳಗೇ ಗೌರವ ಇತ್ತು. ಬಾಯಲ್ಲಿ ಮಾತ್ರ ಬೈದಿದ್ದೇನೆ.

ಆ ಉತ್ತರವೇ ಕಮಿಷನ್ ಮಾತಿಗೆ ಜವಾಬು. ‘ದೇವರಾಣೆ ನಾನು ತಿಂದಿಲ್ಲ’ ಅಂತ ಬರೆಯಬೇಡಿ. ಬರೆದಷ್ಟೂ ಹೌದೇನೋ ಅನ್ನಿಸುತ್ತದೆ. ಕಾಗದದ ಫೋಟೊ ಹಾಕಿ, ಕೆಳಗೆ ಒಂದೇ ಸಾಲು: ‘ಈ ಕೆಲಸದ ಬಿಲ್ಲಿಗೆ ನನ್ನ ಸಹಿ ಬೇಕಿಲ್ಲ. ಕೆಲಸ ಯಾರದು ಅನ್ನುವುದು ಇದರಲ್ಲಿದೆ.’ ಒಮ್ಮೆ ಹೇಳಿ ಬಿಡಿ. ಮತ್ತೆ ವಾದಕ್ಕೆ ಇಳಿಯಬೇಡಿ. ಹಾಂ, ನಿಮ್ಮ ಮನೆಯವರೋ ನೆಂಟರೋ ಯಾರಾದರೂ ಪುರಸಭೆಯ ಗುತ್ತಿಗೆಯಲ್ಲಿ ಇದ್ದರೆ ಈ ಸಲಹೆ ನಡೆಯುವುದಿಲ್ಲ. ಗುತ್ತಿಗೆಯಲ್ಲಿ ಪಾಲು ಇಟ್ಟುಕೊಂಡರೆ ಸದಸ್ಯತ್ವಕ್ಕೇ ಕುತ್ತು. ಆ ಮಾತನ್ನು ಮನೆಯಲ್ಲೇ ಮೊದಲು ಮುಗಿಸಿಕೊಳ್ಳಿ.

ನೀರಿನ ವಿಷಯದಲ್ಲಿ ಸದಸ್ಯರು ಮಾಡುವ ದೊಡ್ಡ ತಪ್ಪು ‘ನಾಳೆ ಬರುತ್ತೆ’ ಅನ್ನುವುದು. ಮೋಟಾರ್ ಸುಟ್ಟಿರುತ್ತದೆ, ರಿವೈಂಡಿಂಗಿಗೆ ಹೋಗಿರುತ್ತದೆ. ಇಲ್ಲಾ ಅಗೆಯುವಾಗ ಜೆಸಿಬಿ ಪೈಪ್ ಒಡೆದಿರುತ್ತದೆ. ನಿಮ್ಮ ವಾರ್ಡಿನಲ್ಲಿ ಓಣಿ ಅಗೆದದ್ದೂ ನೀರು ತಡವಾದದ್ದೂ ಒಟ್ಟಿಗೇ ಶುರುವಾಗಿದ್ದರೆ ಇದನ್ನೇ ಮೊದಲು ವಿಚಾರಿಸಿ. ನಿಜ ಗೊತ್ತಿರುವುದು ಓಣಿಗೆ ನೀರು ಬಿಡುವ ವಾಲ್ವ್‌ಮನ್‌ಗೆ, ಜೆಇಗೂ ಅಲ್ಲ. ಅವರ ಜೊತೆ ದಿನಕ್ಕೊಮ್ಮೆ ಮಾತಾಡಿ. ನೀರು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ ಅದನ್ನೇ ಹೇಳಿ, ಆದರೆ ಮುಂದಿನ ಸುದ್ದಿ ಯಾವಾಗ ಕೊಡುತ್ತೀರಿ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳಿ. ‘ಸಂಜೆ ಆರಕ್ಕೆ ಮತ್ತೆ ತಿಳಿಸುತ್ತೇನೆ’ ಅಂದರೆ ಆರಕ್ಕೆ ತಿಳಿಸಬೇಕು, ‘ಇನ್ನೂ ಆಗಿಲ್ಲ’ ಅಂತಲಾದರೂ. ನೀರಿಲ್ಲ ಅನ್ನುವ ಸಿಟ್ಟಿಗಿಂತ ‘ಹೇಳುವವರೇ ಇಲ್ಲ’ ಅನ್ನುವ ಸಿಟ್ಟು ಜಾಸ್ತಿ. ಸುದ್ದಿ ಬರದ ಕಡೆ ಗಾಳಿಮಾತು ಬರುತ್ತದೆ. ‘ನಮ್ಮ ನೀರು ಅಧ್ಯಕ್ಷರ ವಾರ್ಡಿಗೆ ತಿರುಗಿಸಿದ್ದಾರೆ’ ಅನ್ನುವುದು ನಾನು ಕೆಲಸ ಮಾಡಿದ ಪ್ರತಿ ಊರಿನಲ್ಲೂ ಕೇಳಿದ ಮಾತು. ಒಂದು ಊರಿನಲ್ಲಿ ಅದು ನಿಜವೂ ಆಗಿತ್ತು, ಆ ವಿಷಯ ಬೇರೆ.

2018ರ ಆಗಸ್ಟ್ 31ಕ್ಕೆ ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಯಂಥ ಸಂಸ್ಥೆಗಳಿಗೆ ಚುನಾವಣೆ ಆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ, ಬಹಳ ಕಡೆ 2020ರ ಕೊನೆಯವರೆಗೂ ಅಧಿಕಾರವೇ ಸಿಗಲಿಲ್ಲ. ಗೆದ್ದ ಸದಸ್ಯರು ಎರಡು ವರ್ಷ ಬರೀ ಹೆಸರಿಗೆ ಮೆಂಬರ್. ನಾನಿದ್ದ ಊರಿನಲ್ಲಿ ಹೆಚ್ಚಿನವರು ‘ಮಾಡಿಸೋಣ, ನೋಡೋಣ’ ಅನ್ನುತ್ತಾ ಕಳೆದರು. ಒಬ್ಬರು ಮಾತ್ರ ತಮ್ಮ ಮನೆ ಮುಂದೆ ಬೋರ್ಡ್ ಬರೆಸಿದರು: ‘ನನಗೆ ಇನ್ನೂ ಅಧಿಕಾರ ಬಂದಿಲ್ಲ. ಈಗ ಆಡಳಿತಾಧಿಕಾರಿ ಇದ್ದಾರೆ. ಅರ್ಜಿ ಅವರಿಗೆ ಬರೆಯೋಣ ಬನ್ನಿ.’ ಪಕ್ಕದ ವಾರ್ಡಿನವರೂ ಅವರ ಹತ್ತಿರವೇ ಅರ್ಜಿ ಬರೆಸಲು ಬರತೊಡಗಿದರು.

ಇದು ನಿಮ್ಮ ಹಿರಿಯ ಸದಸ್ಯರ ಮಾತಿಗೆ ನನ್ನನ್ನು ತಂದು ನಿಲ್ಲಿಸುತ್ತದೆ. ನಿಮ್ಮ ಪತ್ರದಲ್ಲಿ ನಿಜವಾದ ಪ್ರಶ್ನೆ ಅದೇ ಅಂತ ನನಗನ್ನಿಸಿತು. ಕಾನೂನು, ಗ್ರೂಪು ಎಲ್ಲ ಆಮೇಲಿನದು. ಅವರು ಸುಳ್ಳು ಹೇಳಿಲ್ಲ. ಬೆಳಿಗ್ಗೆ ಮನೆ ಮುಂದೆ ಹತ್ತು ಚಪ್ಪಲಿ ಬಿದ್ದಿದ್ದರೆ ಮೆಂಬರಿಗೆ ಬೆಲೆ. ಖಾತಾ ಬದಲಾವಣೆಗೆ ‘ನಾನು ಹೇಳುತ್ತೇನೆ ಹೋಗು’ ಅಂದರೆ ಅದೊಂದು ಋಣ. ಆ ಋಣ ಚುನಾವಣೆಯಲ್ಲಿ ವಾಪಸ್ ಬರುತ್ತದೆ. ಖಾತಾಗೆ ಏನೇನು ಕಾಗದ ಬೇಕು, ‘ಸಕಾಲ’ ಸೇವಾ ಕಾಯ್ದೆಯಲ್ಲಿ ಎಷ್ಟು ದಿನದಲ್ಲಿ ಆಗಬೇಕು, ಆಗದಿದ್ದರೆ 15 ಅಂಕಿಯ ಸಕಾಲ ನಂಬರ್ ಹಿಡಿದು ಹೇಗೆ ಕೇಳಬೇಕು, ಸರ್ಕಾರದ ಸಹಾಯವಾಣಿ 1902ಕ್ಕೆ ಹೇಗೆ ದೂರು ಕೊಡಬೇಕು, ಇಷ್ಟು ತಿಳಿದವನು ನಿಮ್ಮ ಮನೆಗೆ ಬರುವುದಿಲ್ಲ. ಹೌದು, ಚಪ್ಪಲಿ ಕಡಿಮೆಯಾಗುತ್ತವೆ.

ಆದರೆ ಯಾರ ಚಪ್ಪಲಿ ಉಳಿಯುತ್ತದೆ ನೋಡಿ. ಕಾಗದ ಸರಿ ಇದ್ದೂ ಅಲೆಯುತ್ತಿದ್ದವರು ತಾವೇ ಮಾಡಿಸಿಕೊಳ್ಳುತ್ತಾರೆ. ಓದು ಬರಹ ಬಾರದ ಮುದುಕಿ, ದಾಖಲೆ ಕಳೆದುಕೊಂಡವರು, ಕಚೇರಿಯಲ್ಲಿ ಯಾರೂ ಮುಖ ಎತ್ತಿ ನೋಡದವರು ನಿಮ್ಮ ಹತ್ತಿರ ಬರುತ್ತಾರೆ. ಅವರಿಗೆ ಕೊಡಲು ನಿಮ್ಮ ಬಳಿ ಸಮಯ ಇರುತ್ತದೆ. ಓಟಿನ ಲೆಕ್ಕ ನಾನು ಹೇಳಲಾರೆ. ಎಲ್ಲ ಹೇಳುತ್ತಿದ್ದ ಸದಸ್ಯರು ಸೋತದ್ದನ್ನೂ ನೋಡಿದ್ದೇನೆ. ಜಾತಿ, ದುಡ್ಡು, ಪಕ್ಷದ ಗಾಳಿ ಇದಕ್ಕಿಂತ ಜೋರು ಬೀಸುವ ಚುನಾವಣೆಗಳಿವೆ. ಜೊತೆಯ ಸದಸ್ಯರಿಗೂ ಕಿರಿಕಿರಿ ಆಗುತ್ತದೆ. ನೀವು ಹೇಳತೊಡಗಿದರೆ ಅವರ ವಾರ್ಡಿನವರು ಅವರನ್ನು ಕೇಳುತ್ತಾರೆ. ಸಾಧ್ಯವಾದರೆ ಪಕ್ಕದ ವಾರ್ಡಿನ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಇಬ್ಬರಾದರೆ ಅಧ್ಯಕ್ಷರ ಸಿಟ್ಟು ಹಂಚಿಹೋಗುತ್ತದೆ.

ತಿಂಗಳಿಗೊಮ್ಮೆ ಎದುರುಬದುರು ಕೂರುವುದನ್ನೂ ಬಿಡಬೇಡಿ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ನಿಮ್ಮ ಊರಿಗೆ ಆ ಕಡ್ಡಾಯ ಇಲ್ಲ. ಸಮುದಾಯ ಭವನದಲ್ಲಿ ಚಾಪೆ ಹಾಸಿ ಕೂರಲು ಯಾವ ವಿಧಿಯೂ ಬೇಕಿಲ್ಲ. ಸಾಮಾನ್ಯ ಸಭೆ ಆದ ವಾರದಲ್ಲೇ ಕೂರಿ.

ಕೊನೆಯದಾಗಿ ಯಜಮಾನರ ವಿಷಯ. ಸಂಸಾರದ ನಡುವೆ ಬಾಯಿ ಹಾಕುವವನು ನಾನಲ್ಲ. ಸಭೆಯಲ್ಲಿ ನಿಮ್ಮ ಬದಲು ಅವರು ಕೂರುವಂತಿಲ್ಲ, ಅದು ನಿಮಗೂ ಗೊತ್ತು. ಫೋನ್ ಅವರ ಕೈಯಲ್ಲಿದ್ದರೆ ಹೆಂಗಸರು ನೀರು, ಶೌಚಾಲಯ, ಬೀದಿದೀಪದ ಕಷ್ಟ ಹೇಳಲು ಹಿಂಜರಿಯುತ್ತಾರೆ. ವಾರ್ಡಿನ ಕೆಲಸಕ್ಕೆ ಬೇರೆ ಸಿಮ್ ತೆಗೆದುಕೊಳ್ಳಿ, ಅದು ನಿಮ್ಮ ಕೈಯಲ್ಲೇ ಇರಲಿ. ಬರೆಯಲು ಬೇಜಾರಾದರೆ ನಿಮ್ಮ ದನಿಯಲ್ಲೇ ಹೇಳಿ ಕಳಿಸಿ. ಕಸದ ಗಾಡಿಯ ಮೈಕಿನಲ್ಲೂ ಅದೇ ದನಿ ಬರಲಿ.

ನಾಳೆಯೇ ಹಾಕಲು ಒಂದು ಮಾದರಿ ಬರೆದುಕೊಡುತ್ತಿದ್ದೇನೆ. ಖಾಲಿ ಜಾಗವನ್ನು ವಿಚಾರಿಸಿ ತುಂಬಿ. ತುಂಬಲಾಗದ್ದನ್ನು ‘ಕೇಳಿದ್ದೇನೆ, ಉತ್ತರ ಬಂದಿಲ್ಲ’ ಅಂತಲೇ ಬಿಡಿ.

‘ವಾರ್ಡಿನ ಎಲ್ಲರಿಗೂ ನಮಸ್ಕಾರ. ಎರಡು ಓಣಿ ಅಗೆದು ಮೂರು ತಿಂಗಳಾಯಿತು. ಮುಚ್ಚಿಲ್ಲ. ಇದನ್ನು ಮೊದಲೇ ನಿಮಗೆ ಸರಿಯಾಗಿ ಹೇಳದೇ ಇದ್ದದ್ದು ನನ್ನ ತಪ್ಪು. ಕೆಲಸ ಮಾಡಿಸುತ್ತಿರುವವರು ____. ಮುಗಿಯಬೇಕಾದ ದಿನ ____. ತಡವಾಗಲು ಅವರು ಕೊಟ್ಟ ಕಾರಣ ____. ನೀರು ತಡವಾಗುತ್ತಿರುವುದಕ್ಕೆ ವಾಲ್ವ್‌ಮನ್ ಹೇಳಿದ ಕಾರಣ ____. ಮುಂದಿನ ಸುದ್ದಿ ಶನಿವಾರ ಸಂಜೆ ಆರಕ್ಕೆ ಕೊಡುತ್ತೇನೆ. ಅಲ್ಲಿಯವರೆಗೆ ರಾತ್ರಿ ಹೊತ್ತು ಮಕ್ಕಳು, ವಯಸ್ಸಾದವರು ಆ ಓಣಿಗಳಲ್ಲಿ ಜೋಪಾನ.’